ಲಕ್ಷದ ಫೋನಿನಲ್ಲಿ ಅತ್ತೆಯ ಫೋಟೋ

ಸುಡಲೈಮುತ್ತುವಿನ ಹಳೆಯ ಫೋನಿಗೆ ರಬ್ಬರ್ ಬ್ಯಾಂಡ್ ಸುತ್ತಿರದಿದ್ದರೆ ಕೋವಿಲ್‌ಪಟ್ಟಿಯ ಮೇಲ ಬೀದಿಗೆ ಆ ಗುರುವಾರ ಶಾಮಿಯಾನ ಬರುವ ಪ್ರಸಂಗವೇ ಇರಲಿಲ್ಲ. ರಬ್ಬರ್ ಬ್ಯಾಂಡ್ ಯಾಕೆಂದರೆ ಫೋನಿನ ಬೆನ್ನು ಊದಿಕೊಂಡು ಬಿಚ್ಚಿಕೊಳ್ಳುತ್ತಿತ್ತು. ಹಾಗಿದ್ದರೂ ಅದರಲ್ಲಿ ಮಾತಾಡಿದರೆ ಕೇಳಿಸುತ್ತಿತ್ತು, ಬೆಳಗಿನ ಅಲಾರಂ ಹೊತ್ತಿಗೆ ಸರಿಯಾಗಿ ಹೊಡೆಯುತ್ತಿತ್ತು. ಬೆಂಕಿಪೊಟ್ಟಣದ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿರುವ ಮನುಷ್ಯನಿಗೆ ಇದಕ್ಕಿಂತ ಹೆಚ್ಚೇನು ಬೇಕು? ಸಾತ್ತೂರಿನ ಮದುವೆಗೆ ಹೋಗುವವರೆಗೆ ಅವನಿಗೂ ಬೇಕಿರಲಿಲ್ಲ.

ಆ ಮದುವೆಯ ಊಟದ ಪಂಕ್ತಿಯಲ್ಲಿ ಅವನ ಪಕ್ಕಕ್ಕೆ ಷಡ್ಡಕ ಕನಿರಾಜ್ ಕುಳಿತಿದ್ದ. ಹೆಂಡತಿಯ ಚಿಕ್ಕಪ್ಪನ ಮಗಳ ಗಂಡ. ಕೂರುತ್ತಲೇ ತನ್ನ ಫೋನನ್ನು ಎಲೆಯ ಬಲಕ್ಕೆ, ಪಾಯಸ ಬಡಿಸುವ ಜಾಗದಲ್ಲಿ, ಪ್ರತಿಷ್ಠಾಪನೆ ಮಾಡಿದ. ಸಾಂಬಾರಿನ ಬಕೆಟ್ ಹಿಡಿದು ಬಂದವನು ಅದನ್ನು ಕಂಡು ನಿಂತೇಬಿಟ್ಟ. "ಸಾರ್, ಸ್ವಲ್ಪ ಎತ್ಕೊಳ್ಳಿ ಸಾರ್, ಹನಿ ಗಿನಿ ಬಿದ್ದೀತು" ಎಂದು ಬೇಡಿಕೊಂಡ. ಪಕ್ಕದಲ್ಲಿದ್ದ ಸುಡಲೈಮುತ್ತುವಿನ ಫೋನನ್ನು ಮಾತ್ರ ಹಪ್ಪಳದ ಚೂರನ್ನು ಸರಿಸುವಂತೆ ಸೌಟಿನ ತುದಿಯಲ್ಲೇ ಆಚೆ ತಳ್ಳಿದ.

"ಅಣ್ಣಾಚ್ಚಿ, ನಿಮ್ಮ ಫೋನಲ್ಲಿ ರಬ್ಬರ್ ಬ್ಯಾಂಡ್ ಮಾತ್ರ ಹೊಸ ಮಾಡಲ್ ಅಲ್ವಾ?" ಎಂದ ಕನಿರಾಜ್. ಇಡೀ ಪಂಕ್ತಿ ಬಾಯಲ್ಲಿ ಅನ್ನ ಇಟ್ಟುಕೊಂಡೇ ನಕ್ಕಿತು.

ಮುಂದಿನ ಸೋಮವಾರ ಸುಡಲೈಮುತ್ತು ಒಂದು ಲಕ್ಷದ ಹದಿನೆಂಟು ಸಾವಿರದ ಫೋನನ್ನು ಮನೆಗೆ ತಂದ. ಅಡುಗೆಮನೆಯ ತಗಡು ತೆಗೆದು ತಾರಸಿ ಹಾಕಿಸಲು ಕೂಡಿಟ್ಟಿದ್ದ ಚೀಟಿ ಹಣ ಅದು. ಹಳೆಯ ಫೋನನ್ನೂ ಅಂಗಡಿಯವನು ವಿನಿಮಯಕ್ಕೆಂದು ಇಟ್ಟುಕೊಂಡಿದ್ದ. ಹೆಂಡತಿ ಚೆಲ್ಲಕ್ಕನಿ ಡಬ್ಬದ ಮೇಲಿನ ಬೆಲೆಯನ್ನು ಎರಡು ಸಲ ಓದಿದಳು.

"ತಾರಸಿ?" ಎಂದಳು.

"ಕೋವಿಲ್‌ಪಟ್ಟೀಲಿ ಮಳೆ ಎಲ್ಲೇ ಬರುತ್ತೆ?"

"ಬಂದಾಗ ಸೋರುತ್ತೆ."

ಇಂಥ ಮಾತಿಗೆ ಗಂಡಸರು ಉತ್ತರ ಕೊಟ್ಟು ಗೆದ್ದ ದಾಖಲೆ ಇಲ್ಲ. ಸುಡಲೈಮುತ್ತು ಗಾಬರಿಯಲ್ಲಿ, ಗೀರು ಬೀಳದಿದ್ದರೆ ಭಾನುವಾರ ಸಂಜೆಯೊಳಗೆ ವಾಪಸ್ ತಗೋತೀನಿ ಅಂತ ಅಂಗಡಿಯವನು ಹೇಳಿದ್ದಾನೆ ಎಂದು ಬಾಯಿಬಿಟ್ಟ. ಅಷ್ಟು ಸಾಕಾಯಿತು ಅವಳಿಗೆ.

"ಸರಿ. ಹಳೇ ಫೋನು ಮಾಡದೇ ಇದ್ದ ಒಂದೇ ಒಂದು ಉಪಯೋಗದ ಕೆಲಸ ಭಾನುವಾರದೊಳಗೆ ಇದು ಮಾಡ್ಲಿ. ಮಾಡಿದ್ರೆ ಇಟ್ಕೊಳ್ಳಿ, ನಾನು ಚಕಾರ ಎತ್ತಲ್ಲ. ಇಲ್ದಿದ್ರೆ ವಾಪಸ್. ಮಾಡ್ತೋ ಇಲ್ವೋ ಅಂತ ಅಮ್ಮ ಹೇಳ್ಲಿ."

ಅಂಗಡಿಯವನು ಕನಿರಾಜನ ಜೊತೆ ಓದಿದವನು. ಫೋನು ವಾಪಸಾದ ಸಂಗತಿ ಅದೇ ಸಂಜೆ ಕನಿರಾಜನಿಗೆ ಮುಟ್ಟುತ್ತದೆ, ಕನಿರಾಜನಿಗೆ ಮುಟ್ಟಿದ್ದು ರಾತ್ರಿಯೊಳಗೆ ಬಳಗಕ್ಕೆಲ್ಲ ಮುಟ್ಟುತ್ತದೆ. ಆಮೇಲೆ ಯಾವ ಮದುವೆಯಲ್ಲಿ ಯಾವ ಮುಖ ಹೊತ್ತು ಎಲೆ ಮುಂದೆ ಕೂರುವುದು? ಸುಡಲೈಮುತ್ತುವಿನ ಮಾನ ಈಗ ಅತ್ತೆಯ ಕೈಯಲ್ಲಿತ್ತು.

ಅತ್ತೆ ಪೇಚಿಯಮ್ಮಾಳ್ ಎಂಬತ್ತು ದಾಟಿದವರು. ಬಿಳಿ ಸೀರೆ, ಭುಜ ಮುಟ್ಟುವಂತೆ ಜೋತ ಕಿವಿ, ಅದರಲ್ಲಿ ಭಾರದ ಚಿನ್ನ. ಚೆಲ್ಲಕ್ಕನಿಗೆ ಸ್ವಂತ ಫೋನಿರಲಿಲ್ಲ, ಆದರೆ ಇವರ ಬಳಿ ಒಂದು ಗುಂಡಿ ಒತ್ತುವ ಫೋನಿತ್ತು. ಚಾರ್ಜು ಖರ್ಚಾಗುತ್ತದೆಂದು ಅದನ್ನು ಆರಿಸಿ, ಎಲೆ ಅಡಿಕೆಯ ಚೀಲದಲ್ಲಿಟ್ಟು, ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದರು. ಇಂಥ ನ್ಯಾಯಾಧೀಶರ ಮುಂದೆ ಅಳಿಯ ತನ್ನ ವಾದ ಮಂಡಿಸತೊಡಗಿದ. ಮಂಗಳವಾರ ಸಂಜೆ ಚಂದ್ರನನ್ನು ಹತ್ತಿರಕ್ಕೆಳೆದು ಅವನ ಮೈಯ ಹಳ್ಳ ದಿಣ್ಣೆ ತೋರಿಸಿದ.

"ಅಲ್ಲಿಗೆ ಯಾರಾದ್ರೂ ಹೋಗೋರಿದಾರಾ ಅಳಿಯಂದ್ರೇ?" ಎಂದು ಕೇಳಿದರು ಪೇಚಿಯಮ್ಮಾಳ್.

ಬುಧವಾರ ಫೋನನ್ನು ಕೊಡದ ನೀರಿಗೆ ಹಾಕಿ ತೆಗೆದು, "ನೋಡಿ ಅತ್ತೆ, ಏನೂ ಆಗಿಲ್ಲ!" ಎಂದ.

"ನನ್ನೂ ನೀರಿಗೆ ಹಾಕಿ ತೆಗೆದ್ರೆ ಏನೂ ಆಗಲ್ಲ. ನನಗೆ ಲಕ್ಷ ಕೊಡ್ತೀರಾ?" ಎಂದರು. ಚೆಲ್ಲಕ್ಕನಿ ಅಡುಗೆಮನೆಯಿಂದಲೇ, "ಕುಡಿಯೋ ನೀರು ರೀ ಅದು!" ಎಂದು ಕೂಗಿದಳು.

ಗುರುವಾರ ಬೆಳಿಗ್ಗೆ ತಾಯಿ ಮಗಳು ಕಣ್ಣಾಸ್ಪತ್ರೆಗೆ ಹೊರಟು ಆಟೋಗೆ ಕಾಯುತ್ತಿದ್ದರು. ಪೇಚಿಯಮ್ಮಾಳ್ ಬಾಗಿಲ ಬಳಿ ಮಣೆ ಹಾಕಿಕೊಂಡು ಕುಳಿತಿದ್ದರು. ಅಂಗಳದ ಬಿಸಿಲು ಅವರ ಮುಖದ ಒಂದು ಮಗ್ಗುಲಿಗೆ ಬಿದ್ದಿತ್ತು. ಸುಡಲೈಮುತ್ತು ಫೋನೆತ್ತಿದ. "ಎಲ್ಲಿ ನೋಡ್ಲಿ?" ಎಂದರು ಅತ್ತೆ. "ಸ್ವಲ್ಪ ಮೇಲೆ ನೋಡಿ" ಎಂದ ಅಳಿಯ. ಉಳಿದ ಕೆಲಸವನ್ನು ಫೋನೇ ಮಾಡಿತು. ಹಿಂದಿದ್ದ ಪೊರಕೆ, ಗ್ಯಾಸ್ ಸಿಲಿಂಡರ್, ಕ್ಯಾಲೆಂಡರ್ ಎಲ್ಲವನ್ನೂ ಕಪ್ಪು ಮಾಡಿ, ಮುಖವನ್ನಷ್ಟೇ ಬೆಳಗಿಸಿ, ಒಂದೊಂದು ಸುಕ್ಕನ್ನೂ ಬಿಡದೆ ತೋರಿಸಿತು. ಮುಖದಲ್ಲಿ ಒಂಥರಾ ಶಾಂತಿ ಬೇರೆ ಇತ್ತು. ಅದು ಆಟೋ ಇನ್ನೂ ಬಂದಿಲ್ಲವಲ್ಲ ಎಂಬ ಯೋಚನೆಯ ಶಾಂತಿ, ಆದರೆ ಫೋಟೋ ನೋಡಿದವರಿಗೆ ಅದು ಹೇಗೆ ಗೊತ್ತಾಗಬೇಕು?

ಅತ್ತೆಗೆ ತೋರಿಸುವಷ್ಟರಲ್ಲಿ ಆಟೋ ಬಂತು. ತಡೆಯಲಾರದೆ ಸುಡಲೈಮುತ್ತು ಫೋಟೋವನ್ನು ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದ. ಕೆಳಗೆ ಗೌರವವಾಗಿ ಪೇಚಿಯಮ್ಮಾಳ್ ಅವರು ಎಂದು ಬರೆದ. ಬರೀ ಹೆಸರು ಬಣಗುಡುತ್ತದಲ್ಲ ಎಂದು ಒಂದು ಜೋಡಿಸಿದ ಕೈ ಹಾಕಿದ. ಮಂಗಳಕರವಾಗಿರಲಿ ಎಂದು ಒಂದು ದೀಪ ಹಚ್ಚಿದ. ಆಮೇಲೆ ಫೋನನ್ನು ಡಬ್ಬದಲ್ಲಿಟ್ಟು, ಡಬ್ಬವನ್ನು ಬೀರುವಿನಲ್ಲಿಟ್ಟು, ಬೀಗ ಹಾಕಿದ. ಚೆಲ್ಲಕ್ಕನಿ ಮನೆಗೆ ಬೀಗ ಹಾಕಿಕೊಂಡು ಆಟೋ ಹತ್ತಿದಳು, ಅವನು ಬರಿಗೈಯಲ್ಲಿ ಕೆಲಸಕ್ಕೆ ಹೋದ. ಗೀರು ಬಿದ್ದರೆ ವಾಪಸ್ ಇಲ್ಲವಲ್ಲ! ಲಕ್ಷದ ಫೋನು ಬಂದಂದಿನಿಂದ ಅವನು ಫೋನಿಲ್ಲದೆಯೇ ಓಡಾಡುತ್ತಿದ್ದ.

ಹನ್ನೊಂದರ ಹೊತ್ತಿಗೆ ಕಾರ್ಖಾನೆಯ ಯಜಮಾನರು ತಾವೇ ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. ಅವರು ಹಾಗೆ ಕೈಯಿಟ್ಟದ್ದು ಹಿಂದೆ ಒಮ್ಮೆ ಮದ್ದಿನ ಕೋಣೆಗೆ ಬೆಂಕಿ ಬಿದ್ದಾಗ ಮಾತ್ರ.

"ಸುಡಲೈ, ವಿಷಯ ಗೊತ್ತಾಯ್ತಪ್ಪ. ದೊಡ್ಡ ನಷ್ಟ. ಆದ್ರೂ ಬಂದು ಕೆಲಸಕ್ಕೆ ನಿಂತಿದೀಯಲ್ಲ, ನಿನ್ನ ಗುಂಡಿಗೆ ಮೆಚ್ಬೇಕು."

ಫೋನಿನ ಬೆಲೆ ಇಲ್ಲಿಯವರೆಗೂ ಬಂತೇ ಎಂದು ಸುಡಲೈಮುತ್ತುವಿಗೆ ನಾಚಿಕೆಯಾಯಿತು. "ಅಂಥ ನಷ್ಟ ಏನಿಲ್ಲ ಸಾರ್. ಭಾನುವಾರದವರೆಗೆ ಟೈಮಿದೆ. ಬೇಡ ಅಂದ್ರೆ ವಾಪಸ್ ಕೊಡ್ತೀನಿ."

ಯಜಮಾನರು ಅವನನ್ನು ದಿಟ್ಟಿಸಿ ನೋಡಿ, ಗುಮಾಸ್ತರ ಕಡೆ ತಿರುಗಿ, "ಪಾಪ, ಬುದ್ಧಿ ಸ್ಥಿಮಿತದಲ್ಲಿಲ್ಲ. ಯಾರಾದ್ರೂ ಬಸ್‌ಸ್ಟ್ಯಾಂಡ್ ತನಕ ಬಿಟ್ಟುಬನ್ನಿ" ಎಂದರು. ಕಡ್ಡಿ ತುಂಬುತ್ತಿದ್ದ ಹೆಂಗಸೊಬ್ಬಳು ಸೆರಗಿನಲ್ಲಿ ಕಣ್ಣೊರೆಸುತ್ತ, "ಇನ್ನು ನಿಮ್ಮನ್ನ ಬೈಯೋರು ಯಾರು ಅಣ್ಣಾಚ್ಚಿ?" ಎಂದಳು. "ಯಾಕೆ, ಚೆಲ್ಲಕ್ಕನಿ ಇದಾಳಲ್ಲ" ಎಂದ ಅವನು. ಆಕೆ ಇನ್ನೂ ಜೋರಾಗಿ ಅತ್ತಳು.

ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಯ ಗೋಡೆಗೆ ಫ್ಲೆಕ್ಸ್ ಅಂಗಡಿಯ ಜೆಬಮಣಿ ಏಣಿ ಹತ್ತಿ ಏನನ್ನೋ ಕಟ್ಟುತ್ತಿದ್ದ. ಸುಡಲೈಮುತ್ತು ತಲೆಯೆತ್ತಿ ನೋಡಿದ. ಆಳೆತ್ತರದ ಅತ್ತೆ! ಅವನ ಎದೆ ಉಬ್ಬಿತು. ಇಷ್ಟು ದೊಡ್ಡದು ಮಾಡಿದರೂ ಒಂದು ಚುಕ್ಕಿ ಒಡೆದಿಲ್ಲ, ಕಿವಿಯ ಚಿನ್ನದ ಕೆತ್ತನೆ ಕೂಡ ಎಣಿಸಬಹುದು. ಕನಿರಾಜನ ಫೋನಲ್ಲಿ ಬರುತ್ತಿತ್ತೇ ಇದು? ಅಷ್ಟು ಹೊತ್ತು ಮನಸಾರೆ ಹಿಗ್ಗಿದ ಮೇಲೆ ಅವನು ಕೆಳಗಿನ ಅಕ್ಷರ ಓದಿದ. ಕಣ್ಣೀರ ಅಂಜಲಿ ಎಂದಿತ್ತು. ಅದರ ಕೆಳಗೆ ದುಃಖತಪ್ತರ ಸಾಲು, ಸಾಲಿನಲ್ಲಿ ತನ್ನದೊಂದು ಅಂಚೆಚೀಟಿಯಷ್ಟು ಫೋಟೋ, ಪಕ್ಕದಲ್ಲಿ ಅದರ ನಾಲ್ಕು ಪಟ್ಟು ದೊಡ್ಡದಾಗಿ ಕನಿರಾಜ್, ಕೈ ಮುಗಿದುಕೊಂಡು.

"ಆರ್ಡರ್ ಕನಿರಾಜಣ್ಣಂದು" ಎಂದ ಜೆಬಮಣಿ ಏಣಿಯ ಮೇಲಿಂದ. "ಆದ್ರೆ ಫೋಟೋ ನಿಮ್ದಂತೆ! ಈ ಕಸುಬಲ್ಲಿ ಇಂಥದ್ದು ಕಂಡಿರ್ಲಿಲ್ಲ ಅಣ್ಣಾಚ್ಚಿ. ಎಲ್ರೂ ರೇಷನ್ ಕಾರ್ಡ್ ತಂದು ಕೊಡ್ತಾರೆ. ಮೂಗಿನ ಮೇಲೇ ಸೀಲು ಹೊಡೆದಿರ್ತಾರೆ."

"ಜೆಬಮಣಿ, ಅತ್ತೆ ಬದುಕಿದಾರೆ ಕಣೋ!"

"ನಮ್ಮೆಲ್ಲರ ಮನಸ್ಸಲ್ಲಿ ಯಾವತ್ತೂ ಬದುಕಿರ್ತಾರೆ ಅಣ್ಣಾಚ್ಚಿ."

"ಅಯ್ಯೋ, ಆಸ್ಪತ್ರೇಲಿದಾರೆ!"

"ಗೊತ್ತು. ಇನ್ನೂ ತಂದಿಲ್ಲ ಅಂದ್ರು."

ಸುಡಲೈಮುತ್ತು ಮೇಲ ಬೀದಿಗೆ ಓಡಿದ. ಶಾಮಿಯಾನ ಎದ್ದಾಗಿತ್ತು. ಪ್ಲಾಸ್ಟಿಕ್ ಕುರ್ಚಿಗಳು, ಆಳುದ್ದದ ಗುಲಾಬಿ ಹಾರಗಳು, ಹೆಣ ಇಡುವ ಬಾಡಿಗೆಯ ಐಸ್ ಪೆಟ್ಟಿಗೆ, ಬೆಂಕಿಗೆ ತಮಟೆ ಕಾಯಿಸುತ್ತಿದ್ದ ಇಬ್ಬರು, ಎಲ್ಲವೂ ಸಜ್ಜಾಗಿದ್ದವು. ಇಲ್ಲದ್ದು ಅತ್ತೆ ಮಾತ್ರ. ಮನೆಗೆ ಬೀಗ ಬಿದ್ದದ್ದರಿಂದ ಅನುಮಾನಕ್ಕೆ ಆಸ್ಪದವೇ ಇರಲಿಲ್ಲ. ಎದುರು ಮನೆಯ ಇರುಳಾಯಿ ಅಜ್ಜಿ ಬಂದವರಿಗೆಲ್ಲ ಸಾಕ್ಷಿ ಹೇಳುತ್ತಿದ್ದರು. "ಬೆಳಿಗ್ಗೆ ಆಟೋದಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದದ್ದು ನಾನೇ ಕಣ್ಣಾರೆ ಕಂಡೆ. ಆಗ್ಲೇ ಮುಖದಲ್ಲಿ ಕಳೆ ಇರ್ಲಿಲ್ಲ."

ಕಂಡವರ ಕೈ ಹಿಡಿದು ಸುಡಲೈಮುತ್ತು, "ಬದುಕಿದಾರೆ, ಕಣ್ಣು ತೋರಿಸೋಕೆ ಹೋಗಿದಾರೆ" ಎಂದ. ಅವರೆಲ್ಲ ಅವನ ಕೈಯನ್ನೇ ಗಟ್ಟಿಯಾಗಿ ಹಿಡಿದು, "ಸಮಾಧಾನ ಮಾಡ್ಕೋ" ಎಂದರು. ಕಣ್ಣುದಾನವೂ ಆಯಿತಂತೆ ಎಂದು ಹಿಂದಿನ ಸಾಲಿನಲ್ಲಿ ಸುದ್ದಿ ಹಬ್ಬಿತು. ಕನಿರಾಜ್ ಎಲ್ಲರಿಗೂ ನೀರು ಕೊಡಿಸುತ್ತ ಓಡಾಡುತ್ತಿದ್ದ. ಅವನೇ ಗ್ರಾಮಾಧಿಕಾರಿಯನ್ನೂ ಕರೆಸಿದ್ದ.

"ಅಜ್ಜಿಯ ಪಿಂಚಣಿ ಈ ತಿಂಗಳಿಂದ ನಿಲ್ಲಿಸೋಕೆ ಮೇಲಕ್ಕೆ ಹೇಳ್ಬಿಟ್ಟೆ" ಎಂದರು ಅಧಿಕಾರಿ.

"ಅಷ್ಟು ಬೇಗಾನಾ ಸಾರ್?" ಎಂದ ಸುಡಲೈಮುತ್ತು.

"ಸರ್ಕಾರದ ಕೆಲಸ ನಿಧಾನ ಅಂತ ನೀವೇ ಅಲ್ವೇನ್ರೀ ಬೈಯೋದು?"

ಎಲ್ಲರಿಗೂ ಒಂದು ಮಾತು ಕಳಿಸೋಣವೆಂದರೆ ಫೋನು ಬೀರುವಿನಲ್ಲಿ, ಮನೆಯ ಬೀಗದ ಕೈ ಚೆಲ್ಲಕ್ಕನಿಯ ಸೊಂಟದಲ್ಲಿ. ಒಳಗೆ ಅದು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದುದು ಕಿಟಕಿಯಿಂದ ಕೇಳಿಸುತ್ತಿತ್ತು. ಕೊನೆಗೆ ಚಾರ್ಜು ಮುಗಿದು ಅದೂ ತೀರಿಕೊಂಡಿತು.

ಅಷ್ಟರಲ್ಲಿ ಆಟೋ ಬಂತು. ಕಣ್ಣಿಗೆ ಔಷಧಿ ಬಿಟ್ಟದ್ದರಿಂದ ಪೇಚಿಯಮ್ಮಾಳ್ ಕಪ್ಪು ಕನ್ನಡಕ ಹಾಕಿದ್ದರು, ಎದುರಿಗಿದ್ದದ್ದೆಲ್ಲ ಅವರಿಗೆ ಮಬ್ಬು ಮಬ್ಬು. ಆದರೆ ಹೆಂಗಸರು ಎದೆ ಬಡಿದುಕೊಂಡು ಹಾಡಿ ಅಳುವುದು ಕಿವಿಗೆ ಬಿತ್ತು. ಸಾವಿನ ಮನೆಯಲ್ಲಿ ಮೊದಲು ಅಳಬೇಕು, ವಿಚಾರಣೆ ಆಮೇಲೆ. ಆ ಊರಿನ ಮರ್ಯಾದೆ ಹಾಗೆ. ಪೇಚಿಯಮ್ಮಾಳ್ ಆಟೋದಿಂದ ಇಳಿದವರೇ ಕೈ ಚಾಚಿಕೊಂಡು ಹೋಗಿ, ಕೈಗೆ ಸಿಕ್ಕವಳ ಕೊರಳು ತಬ್ಬಿ, "ನನ್ನ ತಾಯೀ, ನನ್ನೊಬ್ಬಳನ್ನೇ ಬಿಟ್ಟು ಹೋದೆಯಾ" ಎಂದು ಎಲ್ಲರಿಗಿಂತ ಎತ್ತರದ ದನಿಯಲ್ಲಿ ಶುರು ಮಾಡಿದರು. ತಬ್ಬಿಸಿಕೊಂಡವರು ಇರುಳಾಯಿ ಅಜ್ಜಿ. ಅವರು ಒಂದು ಚರಣ ಜೊತೆಗೆ ಹಾಡಿ, ಆಮೇಲೆ ದನಿ ಗುರುತು ಹತ್ತಿ, ಕಿಟಾರನೆ ಕಿರುಚಿ ಐಸ್ ಪೆಟ್ಟಿಗೆಯ ಮೇಲೆ ಕುಸಿದರು. ಹಾಡು ನಿಂತಿತು. ತಮಟೆಯವರು ನಿಂತರು. ಕನಿರಾಜನ ಕೈಯಿಂದ ನೀರಿನ ಲೋಟ ಬಿತ್ತು.

"ಯಾಕೇ ನಿಲ್ಸಿದ್ರಿ?" ಎಂದರು ಪೇಚಿಯಮ್ಮಾಳ್. "ಹೋದದ್ದು ಯಾರು?"

ಚೆಲ್ಲಕ್ಕನಿಗೆ ಬಾಗಿಲಿಗೆ ಕಟ್ಟಿದ್ದ ಇನ್ನೊಂದು ಫ್ಲೆಕ್ಸ್ ಕಂಡಿತು. ಆಮೇಲೆ ಗಂಡ ಕಂಡ. ಅವಳು ನೋಡಿದ ನೋಟಕ್ಕೆ ಸುಡಲೈಮುತ್ತು ಶಾಮಿಯಾನದ ಕಂಬ ಹಿಡಿದುಕೊಂಡ.

ಪೇಚಿಯಮ್ಮಾಳ್ ತಡವರಿಸಿಕೊಂಡು ಫ್ಲೆಕ್ಸಿನ ಹತ್ತಿರ ಹೋದರು. ಕನ್ನಡಕ ತೆಗೆದು, ಮೂಗು ತಾಗುವಷ್ಟು ಹತ್ತಿರ ನಿಂತು, ಕಣ್ಣು ಕಿರಿದು ಮಾಡಿ, ಕೈಯಲ್ಲಿ ಸವರುತ್ತ ಬಹಳ ಹೊತ್ತು ನೋಡಿದರು.

"ಇದು ನಾನಾ?"

"ತಪ್ಪಾಯ್ತು ಅತ್ತೆ" ಎಂದ ಸುಡಲೈಮುತ್ತು.

ಅವರು ಅವನ ಕಡೆ ತಿರುಗಲಿಲ್ಲ. "ನಮ್ಮನೆಯವರು ಹೋದಾಗ ರೇಷನ್ ಕಾರ್ಡಿನ ಫೋಟೋ ಹಾಕಿದ್ರಿ" ಎಂದರು. "ಪೊಲೀಸರು ಹಿಡ್ಕೊಂಡು ಬಂದ ಕಳ್ಳನ ಥರ ಕಾಣ್ತಿದ್ರು. ಎಂಥ ಲಕ್ಷಣದ ಮನುಷ್ಯ! ಊರೆಲ್ಲ ಆ ಮುಖ. ಗೋಡೆ ಮುಂದೆ ಹೋಗೋವಾಗೆಲ್ಲ ನಾನು ಆಚೆ ತಿರುಗ್ಕೊಂಡು ಹೋಗ್ತಿದ್ದೆ. ಕಟ್ಕೊಂಡ ಗಂಡನ ಮುಖ ಕಡೇ ಸಲ ನೋಡೋಕೆ ನನಗೇ ನಾಚಿಕೆ ಆಯ್ತು." ಅವರಿಗೆ ಅಳು ಬಂತು. ಈ ಸಲದ ಅಳುವಿನಲ್ಲಿ ಹಾಡು ಇರಲಿಲ್ಲ.

ಆಮೇಲೆ ಮೂಗು ಸೀಟಿ, ಸೆರಗಿನಲ್ಲಿ ಒರೆಸಿಕೊಂಡು, ನಡುವಿನ ಕುರ್ಚಿಯಲ್ಲಿ ಕುಳಿತು ಯಾರ್ಯಾರು ಬಂದಿದ್ದಾರೆಂದು ಒಬ್ಬೊಬ್ಬರನ್ನೇ ಕರೆದು ಕೇಳಿದರು. ಬಾರದವರ ಹೆಸರನ್ನೂ ಕೇಳಿ ಮನಸ್ಸಿನಲ್ಲಿಟ್ಟುಕೊಂಡರು. ತಂದ ಹಾರ ವಾಪಸ್ ಒಯ್ಯುವುದು ಅಪಶಕುನವೆಂದು ಹೇಳಿ ಎಲ್ಲವನ್ನೂ ಹಾಕಿಸಿಕೊಂಡರು. ತಮಟೆಯವರನ್ನು ಬರಿದೇ ಕಳಿಸಬಾರದೆಂದು ಎರಡು ಸುತ್ತು ಬಾರಿಸಲು ಹೇಳಿ, ಕಾಲಲ್ಲಿ ತಾಳ ಹಾಕಿದರು. ಚಿಲ್ಲರೆ ತೆಗೆಯಲು ಬಿಚ್ಚಿದ ಚೀಲದಿಂದಲೇ ಫೋನು ತೆಗೆದು ಮಗಳಿಗೆ ಕೊಟ್ಟರು. ಚೆಲ್ಲಕ್ಕನಿ ಅದಕ್ಕೆ ಜೀವ ಕೊಟ್ಟು, ದಾರಿಯಲ್ಲಿ ಅಳುತ್ತ ಬರುತ್ತಿದ್ದ ತಿರುಪ್ಪೂರು, ಮಧುರೈ, ತೂತ್ತುಕುಡಿಯ ಬಳಗವನ್ನೆಲ್ಲ ಒಬ್ಬೊಬ್ಬರನ್ನೇ ಹಿಂದಕ್ಕೆ ತಿರುಗಿಸಿದಳು.

ಗ್ರಾಮಾಧಿಕಾರಿ ಮಾತ್ರ ತಲೆ ಕೆರೆದುಕೊಳ್ಳುತ್ತ ನಿಂತಿದ್ದರು. "ನೀವು ಇದೀರಿ ಅನ್ನೋದು ನನಗೆ ಗೊತ್ತಮ್ಮ. ಕಚೇರಿಗೆ ಗೊತ್ತಾಗ್ಬೇಕಲ್ಲ."

"ನಾನೇ ಬಂದು ಕೂತ್ಕೋತೀನಿ ಬಿಡಿ ನಿಮ್ಮ ಕಚೇರೀಲಿ. ಕಾಫಿ ಕೊಡ್ತೀರಾ?" ಎಂದರು ಪೇಚಿಯಮ್ಮಾಳ್. ಪಿಂಚಣಿ ನಿಲ್ಲುವುದಿಲ್ಲವೆಂದು ಅಧಿಕಾರಿ ಅಲ್ಲೇ ಮಾತು ಕೊಟ್ಟರು.

ಶಾಮಿಯಾನ ಬಿಚ್ಚಿ, ಐಸ್ ಪೆಟ್ಟಿಗೆಯ ಬಾಡಿಗೆ ಕನಿರಾಜನ ತಲೆಗೇ ಬಂದು, ಮನೆ ಖಾಲಿಯಾದ ಮೇಲೆ ಚೆಲ್ಲಕ್ಕನಿ ತೀರ್ಪು ಓದಿದಳು.

"ಹಳೇ ಫೋನು ಮಾಡದ ಕೆಲಸ ಮಾಡ್ತಪ್ಪ ಇದು, ಇಲ್ಲ ಅನ್ನಲ್ಲ. ಹೆತ್ತಮ್ಮನ್ನ ಕೊಂದುಹಾಕ್ತು. ಅಮ್ಮನ ಡಬ್ಬಾ ಫೋನು ಎಲ್ರಿಗೂ ಹೇಳಿ ಬದುಕಿಸ್ತು. ಭಾನುವಾರ ವಾಪಸ್."

"ಅತ್ತೆ ಹೇಳ್ಬೇಕು ಅಂತ ಅಲ್ವಾ ಮಾತಾಗಿದ್ದು?" ಎಂದ ಸುಡಲೈಮುತ್ತು ದೀನವಾಗಿ. ಇಬ್ಬರೂ ತಿರುಗಿ ನೋಡಿದರು. ಪೇಚಿಯಮ್ಮಾಳ್ ಹಾರಗಳ ನಡುವೆ ಕುಳಿತಲ್ಲೇ ಗೊರಕೆ ಹೊಡೆಯುತ್ತಿದ್ದರು. ಶುಕ್ರವಾರ ಕೇಳಿದರೆ, "ನೋಡೋಣ" ಎಂದರು. ಶನಿವಾರ ಕೇಳೋಣವೆಂದರೆ ಬೀದಿಯಲ್ಲಿ ಯಾರ್ಯಾರದೋ ಮನೆಗೆ ಹೋಗಿ ಮಾತಾಡುತ್ತಿದ್ದರು, ಕೈಗೇ ಸಿಗಲಿಲ್ಲ. ಸುಡಲೈಮುತ್ತು ಆಸೆ ಬಿಟ್ಟ.

ಭಾನುವಾರ ಮಧ್ಯಾಹ್ನ ಅವನು ಫೋನನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ ಡಬ್ಬದಲ್ಲಿ ಮಲಗಿಸಿದ. ಮಗಳನ್ನು ಗಂಡನ ಮನೆಗೆ ಕಳಿಸುವವನ ಹಾಗೆ ಮುಚ್ಚಳವನ್ನು ಮತ್ತೊಮ್ಮೆ ತೆರೆದು ನೋಡಿ ಮುಚ್ಚಿದ. ಈಗಾಗಲೇ ಕನಿರಾಜ್ ಏನು ಹೇಳುತ್ತಾನೆಂಬುದು ಕಿವಿಯಲ್ಲಿ ಕೇಳಿಸುತ್ತಿತ್ತು. ಚೆಲ್ಲಕ್ಕನಿ ಬಿಲ್ಲು ತಂದು ಕೈಗಿತ್ತಳು. ಬಾಗಿಲು ತೆರೆದ.

ಜಗಲಿಯ ಮೇಲೆ ಜಾಗವಿರಲಿಲ್ಲ. ಮೇಲ ಬೀದಿಯ ಅಜ್ಜಿಯರೆಲ್ಲ ಅಲ್ಲಿ ಕುಳಿತಿದ್ದರು. ಪೆಟ್ಟಿಗೆಯ ತಳದಿಂದ ತೆಗೆದ ಸೀರೆಗಳು, ನುಸಿಗುಳಿಗೆಯ ವಾಸನೆ, ಕೊರಳವರೆಗೆ ಪೌಡರು. ಒಬ್ಬರು ಮೊಮ್ಮಗಳ ಸರ ಹಾಕಿಕೊಂಡಿದ್ದರು. ಇನ್ನೊಬ್ಬರು ಹಲ್ಲಿನ ಸೆಟ್ಟನ್ನು ಕರ್ಚೀಫಿನಲ್ಲಿ ಕಟ್ಟಿ ತಂದು, ಸರದಿ ಬಂದಾಗ ಹಾಕಿಕೊಳ್ಳುವುದಾಗಿ ಹೇಳುತ್ತಿದ್ದರು. ಎಲ್ಲರಿಗೂ ಮುಂದೆ ಇರುಳಾಯಿ ಅಜ್ಜಿ.

"ಏನಜ್ಜಿ, ಎಲ್ಲಾದ್ರೂ ಮದುವೇನಾ?" ಎಂದ ಸುಡಲೈಮುತ್ತು.

"ಎಂಥ ಮದುವೆ? ಪೇಚಿಗೆ ತೆಗೆದ ಹಾಗೆ ನಮಗೂ ಒಂದೊಂದು ತೆಗೆದಿಡಪ್ಪ" ಎಂದರು ಇರುಳಾಯಿ ಅಜ್ಜಿ. "ನನ್ನ ಮಕ್ಕಳ ಹತ್ರ ಇರೋದು ಒಂದೇ ಫೋಟೋ, ವೋಟಿನ ಕಾರ್ಡಿಂದು. ಅದರಲ್ಲಿ ನನಗೆ ಮೀಸೆ ಇದೆ."

ಯಾರೂ ನಗಲಿಲ್ಲ. ಎಲ್ಲರ ಮನೆಯಲ್ಲೂ ಅಂಥದ್ದೇ ಒಂದು ಕಾರ್ಡು ಇತ್ತು. ಹಿಂದಿನಿಂದ ಹಲ್ಲಿಲ್ಲದ ದನಿಯೊಂದು, "ನನ್ನ ಮಗ ದುಬೈಯಲ್ಲಿದಾನೆ. ಬರೋಕಾಗುತ್ತೋ ಇಲ್ವೋ. ಫೋಟೋನಾದ್ರೂ ಚೆನ್ನಾಗಿರ್ಲಿ ಅವನಿಗೆ ನೋಡೋಕೆ" ಎಂದಿತು.

ಸುಡಲೈಮುತ್ತು ಕೈಯಲ್ಲಿ ಡಬ್ಬ ಹಿಡಿದು ಹೆಂಡತಿಯ ಮುಖ ನೋಡಿದ. ಚೆಲ್ಲಕ್ಕನಿ ಜಗಲಿಯ ಮೇಲಿನ ಒಂದೊಂದೇ ಮುಖ ನೋಡುತ್ತ ಹೋದಳು. ಅಂಗಡಿ ಆರಕ್ಕೆ ಮುಚ್ಚುತ್ತದೆಂಬುದು ಇಬ್ಬರಿಗೂ ಗೊತ್ತಿತ್ತು.

"ಏನ್ ನಿಂತ್ಕೊಂಡ್ರಿ ಕಂಬದ ಥರ?" ಎಂದಳು ಕೊನೆಗೆ, ಅವನ ಕೈಯಿಂದ ಬಿಲ್ಲನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸುತ್ತ. "ಬೆಳಕು ಹೋಗುತ್ತೆ, ಶುರು ಮಾಡಿ. ಮಳೆ ಬಂದ್ರೆ ಬಕೆಟ್ ಇಡ್ತೀನಿ." ಒಳಗೆ ಹೋಗಿ ಮಣೆ ತಂದು ಬಾಗಿಲ ಬಳಿ ಹಾಕಿದಳು.

ಪೇಚಿಯಮ್ಮಾಳ್ ಹೊಸಿಲ ಮೇಲೆ ಕುಳಿತು ಉಸ್ತುವಾರಿ ವಹಿಸಿಕೊಂಡರು. ಇರುಳಾಯಿ ಅಜ್ಜಿ ಮಣೆಯ ಮೇಲೆ ಕುಳಿತು, ಸೆರಗು ಸರಿಮಾಡಿ, ಉಸಿರು ಬಿಗಿ ಹಿಡಿದು ನೆಟ್ಟಗಾದರು. ಸುಡಲೈಮುತ್ತು ಫೋನೆತ್ತಿದ.

"ಅಪ್ಪಾ, ಇಂಥ ಫೋಟೋಗೆ ನಗಬಹುದಾ?" ಎಂದು ಕೇಳಿದರು ಅವರು ತುಟಿ ಅಲುಗಿಸದೆ.

ಸುಡಲೈಮುತ್ತು ಫೋನು ಇಳಿಸಿ ಅತ್ತೆಯ ಕಡೆ ನೋಡಿದ. ಹೊಸಿಲ ಕಡೆಯಿಂದ ಪೇಚಿಯಮ್ಮಾಳ್ ಹ್ಞೂಂಕರಿಸಿದರು.

"ನಗೇ, ನಗು. ಅಳೋಕೆ ಆಮೇಲೆ ಅವರೆಲ್ಲ ಬರ್ತಾರೆ."